ಗುದ್ದಲಿ ಪೂಜೆಯ ಗುಂಡಿ

ಭುಜ್
19 ಆಗಸ್ಟ್ 2001

ಅಪ್ಪನಿಗೆ ಸಂಘಮಿತ್ರಾಳ ಜೈಭೀಮ್.

ಇಲ್ಲಿಗೆ ಬಂದು ನಾಲ್ಕು ತಿಂಗಳಾಯಿತು. ಪುಟ್ಟಬಸವಯ್ಯನ ಅಂಗಡಿಗೆ ಫೋನು ಮಾಡಿದರೆ ಅವ್ವ ಊಟದ ವಿಚಾರ ಕೇಳಿ ಮುಗಿಸುವಷ್ಟರಲ್ಲಿ ಅರ್ಧ ಊರು ಸುತ್ತ ನಿಂತು ಕೇಳಿಸಿಕೊಳ್ಳುತ್ತಿರುತ್ತದೆ. ನೀನು ಕೇಳುವುದು ಒಂದೇ, ಅಲ್ಲಿ ಕೆಲಸ ಏನು ಅಂತ. ಅದನ್ನು ಫೋನಿನಲ್ಲಿ ಹೇಳಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಜನವರಿಯ ಭೂಕಂಪದಲ್ಲಿ ಮನೆ ಕಳೆದುಕೊಂಡವರಿಗೆ ಹೊಸ ಮನೆ ಕಟ್ಟಬೇಕು. ಕಟ್ಟುವ ಮೊದಲು ನೆಲ ಎಂಥದ್ದು ಅಂತ ನೋಡುವುದು ನಮ್ಮ ಕೆಲಸ. ನಂಜನಗೂಡಿನ ಲ್ಯಾಬಿನಲ್ಲಿದ್ದಾಗ ತಾಂಡ್ಯದ ಫ್ಯಾಕ್ಟರಿಗಳಿಗೆ ಮಾಡುತ್ತಿದ್ದದ್ದೂ ಇದನ್ನೇ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿ, ಅರವತ್ತಮೂರೂವರೆ ಕೆಜಿಯ ಸುತ್ತಿಗೆಯನ್ನು ಎರಡೂವರೆ ಅಡಿ ಮೇಲಿಂದ ಬಿಡುತ್ತೇವೆ. ಕೆಳಗಿನ ಕೊಳವೆ ಒಂದು ಅಡಿ ಇಳಿಯಲು ಎಷ್ಟು ಏಟು ಬೇಕಾಯಿತು ಅಂತ ಎಣಿಸುತ್ತೇವೆ. ನೀನು ಬಾವಿ ತೋಡುವಾಗ ಹಾರೆ ಹಾಕಿ ಕೈಗೆ ತಿಳಿದದ್ದನ್ನು ಬಾಯಲ್ಲಿ ಹೇಳುತ್ತಿದ್ದೆ, ನಾವು ಪುಸ್ತಕದಲ್ಲಿ ಬರೆಯುತ್ತೇವೆ, ಅಷ್ಟೇ ವ್ಯತ್ಯಾಸ.

ನಿನ್ನೆ ಇಲ್ಲಿಗೆ ಹತ್ತಿರದ ಒಂದು ಊರಿಗೆ ಹೋಗಿದ್ದೆವು. ಅಕ್ಕಪಕ್ಕದಲ್ಲಿ ಎರಡು ಕಟ್ಟಡ, ಕಟ್ಟಿದವನೂ ಒಬ್ಬನೇ, ಹಾಕಿದ ಸಿಮೆಂಟೂ ಒಂದೇ. ಒಂದು ಬಿರುಕು ಬಿಟ್ಟುಕೊಂಡು ನಿಂತಿದೆ, ಇನ್ನೊಂದು ನೆಲಸಮ. ನಿಂತಿರುವುದರ ಪಕ್ಕ ಒಂದು ಅಡಿಗೆ ಮೂವತ್ತೆಂಟು ಏಟು ಬೇಕಾಯಿತು. ಬಿದ್ದದ್ದರ ಪಕ್ಕ ನಾಲ್ಕೇ ಏಟಿಗೆ ಇಳಿದುಹೋಯಿತು. ವಿಚಾರಿಸಿದರೆ ಅದು ಹಿಂದೆ ಕೆರೆ, ಮರಳು ತುಂಬಿಸಿ ಮುಚ್ಚಿದ್ದಾರೆ. ನೀರು ಕುಡಿದ ಮರಳು ಭೂಮಿ ಅಲುಗಿದಾಗ ಅಂಬಲಿಯಂತಾಗುತ್ತದೆ ಅಪ್ಪ, ಮೇಲಿರುವ ಮನೆಯನ್ನು ಹೊರುವುದಿಲ್ಲ.

ಅಲ್ಲಿ ಒಬ್ಬ ಮೇಷ್ಟರಿದ್ದಾರೆ. ಹೆಂಡತಿ ಬಿದ್ದ ಆ ಮನೆಯಲ್ಲೇ ತೀರಿಕೊಂಡರು. ಅವರು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಮಣ್ಣು ಪರೀಕ್ಷೆಯ ರಿಪೋರ್ಟನ್ನು ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಾರೆ. ಅದರಲ್ಲಿ ಗಟ್ಟಿ ನೆಲ ಎಂದು ಬರೆದು, ಸಹಿ ಮಾಡಿ, ಸೀಲು ಒತ್ತಿದ್ದಾರೆ. ಅದನ್ನು ಓದಿ ನನಗೆ ತಡೆಯಲಾರದ ಕೋಪ ಬಂತು. ಸಹಿ ಹಾಕಿದವನು ಆ ಜಾಗಕ್ಕೆ ಕಾಲೇ ಇಟ್ಟಿಲ್ಲ, ಬರೆದು ಕೊಡುತ್ತೇನೆ. ಅವನನ್ನು ಹಿಡಿದು ತಂದು ಆ ಮೇಷ್ಟರ ಮುಂದೆ ನಿಲ್ಲಿಸಬೇಕು.

ಬಾವಿಗೆ ಜಾಗ ತೋರಿಸಿದವನೇ ಮೊದಲು ಗುಂಡಿಗೆ ಇಳಿಯಬೇಕು ಅಂತ ನಿಮ್ಮ ಕಸುಬಿನಲ್ಲಿ ಕಟ್ಟಳೆ ಇತ್ತಲ್ಲ, ಅದು ನಮ್ಮಲ್ಲೂ ಇರಬೇಕಿತ್ತು.

ಅವ್ವನಿಗೆ ನಾನು ದಪ್ಪಗಾಗಿದ್ದೇನೆ ಎಂದು ಹೇಳು, ನೆಮ್ಮದಿಯಾಗಿರುತ್ತಾಳೆ.

ನಿನ್ನ ಮಗಳು
ಸಂಘಮಿತ್ರಾ


ಹೆಮ್ಮಿಗೆ
14 ಅಕ್ಟೋಬರ್ 2001

ಮಗಳು ಸಂಘಮಿತ್ರಾಳಿಗೆ ಜೈಭೀಮ್.

ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ನಾನು ಚೆನ್ನಾಗಿಲ್ಲ. ಹತ್ತು ದಿನದಿಂದ ಕೋಪ ನೆತ್ತಿಗೇರಿ ಕೂತಿದೆ. ನಿಮ್ಮವ್ವ ಮಂಗಳಮ್ಮ ನನ್ನ ಮೇಲೆ ರೇಗಾಡುವಷ್ಟು ಚೆನ್ನಾಗಿದ್ದಾಳೆ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಅಷ್ಟು ದೂರ ಹೋಗಿ ಕೋಪ ಮಾಡಿಕೊಳ್ಳುವುದೇ ಬೇಡ ಕಣಮ್ಮ, ಅದೇ ಅನ್ಯಾಯ ಇಲ್ಲಿ ನಮ್ಮ ಮೂಗಿನ ಕೆಳಗೆ ನಡೆಯುತ್ತಿದೆ.

ಊರಿಗೆ ಹೆಣ್ಣುಮಕ್ಕಳ ಹಾಸ್ಟೆಲ್ ಮಂಜೂರಾಗಿ ಹೋದ ವರ್ಷವೇ ಗುದ್ದಲಿ ಪೂಜೆ ಆಗಿತ್ತಲ್ಲ, ಅದಕ್ಕೆ ಈಗ ಪಾಯ ತೆಗೆಯಲು ಸುಣ್ಣದ ಗೆರೆ ಹಾಕಿದ್ದಾರೆ. ಎಲ್ಲಿ ಗೊತ್ತೇ, ಹುಣಸೆಕಟ್ಟೆಯಲ್ಲಿ! ನಿನಗೆ ಅದು ಬಯಲು, ನೀನು ಹುಟ್ಟುವ ಮೊದಲೇ ಮುಚ್ಚಿಹೋಗಿತ್ತು. ನನಗೆ ಅದು ಎಮ್ಮೆ ಮೀಯಿಸಿದ ಕಟ್ಟೆ. ಎರಡಾಳು ನೀರು ನಿಲ್ಲುತ್ತಿತ್ತು. ಊರಿನ ಮೂರು ಆಲೆಮನೆಗಳ ಬೂದಿ, ನಾಲೆ ತೋಡಿದ ಮಣ್ಣು, ಸತ್ತ ದನ, ಒಡೆದ ಮಡಕೆ, ಏನು ಸಿಕ್ಕಿತೋ ಎಲ್ಲವನ್ನೂ ಅದಕ್ಕೆ ಸುರಿದರು. ಅದರ ಮೇಲೆ ಎರಡು ಅಂತಸ್ತು ಕಟ್ಟಿ ಅರವತ್ತು ಹೆಣ್ಣುಮಕ್ಕಳನ್ನು ಮಲಗಿಸುತ್ತಾರಂತೆ. ಜವರಮ್ಮನ ಮೊಮ್ಮಗಳು ಕೋಮಲ ಈಗಾಗಲೇ ಹೆಸರು ಬರೆಸಿ ಕಾದಿದ್ದಾಳೆ. ತಾಯಿಯ ಊರಿನಿಂದ ದಿನಾ ನಾಲ್ಕು ಮೈಲಿ ನಡೆದು ಸ್ಕೂಲಿಗೆ ಬರುವ ಮಗು ಅದು.

ಸೈಟಿಗೆ ಬಂದ ಇಂಜಿನಿಯರನ್ನು ತಡೆದು ಕೇಳಿದೆ.

"ಸಾ, ಇದು ಕಟ್ಟೆ ಕಣ್ ಸಾ. ಮೇಲೊಂದ್ ಪದ್ರ ಮಣ್ಣು, ಕೆಳ್ಗೆಲ್ಲ ಬೂದಿ. ಇಲ್ ಮನೆ ನಿಲ್ಲಕಿಲ್ಲ."

"ಯಾರಯ್ಯ ನೀನು?"

"ನಾಗಯ್ಯ ಅಂತ ಸಾ. ಬಾವಿ ತೋಡೋನು."

"ಸರಿ, ಬಾವಿ ತೋಡ್ಕೊಂಡಿರು. ಮಣ್ಣಿನ ರಿಪೋರ್ಟು ಬಂದಿದೆ, ಐದಡಿಗೇ ಗಟ್ಟಿ ನೆಲ ಅಂತ ಓದಿದೋರು ಸಹಿ ಮಾಡಿ ಕೊಟ್ಟಿದ್ದಾರೆ."

ಓದಿದವರಂತೆ! ಐದಡಿಗೆ ಇಲ್ಲಿ ಸಿಗುವುದು ಎಮ್ಮೆಯ ಮೂಳೆ. ನಲವತ್ತು ವರ್ಷದಲ್ಲಿ ಈ ಸುತ್ತಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಬಾವಿ ತೋಡಿದ ಕೈ ಇದು, ನನಗೆ ಇವನು ನೆಲದ ಪಾಠ ಹೇಳುತ್ತಾನೆ. ಆ ಸಹಿ ಹಾಕಿದವನು ಯಾರು ಹೆತ್ತ ಮಗನೋ ಕಾಣೆ. ಅವನ ಅಪ್ಪ ಅವನಿಗೆ ಅನ್ನ ಹಾಕಿ ಓದಿಸಿದ್ದು ಇದಕ್ಕೇ ಏನು?

ಕಟ್ಟೆ ಎಂದು ತೋರಿಸುವುದು ಹೇಗೆ, ನೀನು ಹೇಳು. ಬಾಯಿ ಮಾತಿಗೆ ಇವರು ಬೆಲೆ ಕೊಡುವುದಿಲ್ಲ.

ನಿನ್ನಪ್ಪ
ನಾಗಯ್ಯ


ಭುಜ್
2 ನವೆಂಬರ್ 2001

ಅಪ್ಪ,

ನಿನ್ನ ಕಾಗದ ಓದಿ ನನಗೂ ಮೈಯೆಲ್ಲ ಉರಿಯಿತು. ಇಷ್ಟು ಜನ ಸತ್ತ ಮೇಲೂ ಬುದ್ಧಿ ಬರಲಿಲ್ಲವಲ್ಲ.

ನಮ್ಮ ಕಡೆ ನೆಲ ಇಲ್ಲಿಯ ಹಾಗೆ ಅಲುಗುವುದಿಲ್ಲ, ಅಪಾಯ ಕಡಿಮೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ತುಂಬಿದ ಬೂದಿಗೆ ಭೂಕಂಪವೇ ಬೇಕಿಲ್ಲ. ಎರಡು ಮಳೆಗಾಲ ನೀರು ಕುಡಿದರೆ ಒಂದು ಮೂಲೆ ಕುಸಿಯುತ್ತದೆ, ಗೋಡೆ ಸೀಳುತ್ತದೆ. ಅದರ ಮೇಲೆ ಸಣ್ಣದೊಂದು ನಡುಕ ಬಂದರೂ ಸಾಕು.

ನೀನು ಜಗಳ ಮಾಡಬೇಡ, ಗುಂಡಿ ತೋಡು. ಸುಣ್ಣದ ಗೆರೆಯ ಒಳಗೇ, ನಾಲ್ಕು ಅಡಿ ಚೌಕ. ಪ್ರತಿ ಅಡಿಯ ಮಣ್ಣನ್ನೂ ಬೇರೆ ಬೇರೆ ರಾಶಿ ಹಾಕಿ ಇಡು. ನೀರು ಎಷ್ಟು ಆಳಕ್ಕೆ ಬಂತು ಎಂದು ಹಗ್ಗಕ್ಕೆ ಗಂಟು ಹಾಕಿ ಗುರುತು ಮಾಡು. ಬದಿ ಕುಸಿಯುತ್ತದೆ, ಹಲಗೆ ಕೊಡದೆ ಇಳಿಯಬೇಡ, ನಿನಗೆ ಈಗ ಅರವತ್ತೊಂದು ಎಂಬುದು ನೆನಪಿರಲಿ. ಆಮೇಲೆ ರಿಪೋರ್ಟಿನ ಒಂದು ಜೆರಾಕ್ಸ್ ಹೇಗಾದರೂ ಸಂಪಾದಿಸು. ಯಾವ ಲ್ಯಾಬು, ಯಾವ ನಂಬರು, ಸಹಿ ಯಾರದ್ದು ಎಂದು ಬರೆ. ಲ್ಯಾಬಿನ ಹೆಸರು ಗೊತ್ತಾದರೆ ಅವರ ಬಾಯಿ ಹೇಗೆ ಬಿಡಿಸಬೇಕೆಂದು ನನಗೆ ಗೊತ್ತು.

ನಿನ್ನ
ಸಂಘಮಿತ್ರಾ


ಹೆಮ್ಮಿಗೆ
9 ಡಿಸೆಂಬರ್ 2001

ಮಗಳಿಗೆ,

ಗುಂಡಿ ತೋಡಿದೆವು. ಅಂಗಡಿ ಮುಚ್ಚಿ ಪುಟ್ಟಬಸವಯ್ಯನೂ ಬಂದಿದ್ದ. ಮೊದಲ ಎರಡಡಿ ನಾಲೆಯ ಮಣ್ಣು. ಅಲ್ಲಿಂದ ಕೆಳಗೆ ಬೂದಿ, ಬೂದಿ, ಬೂದಿ. ಆರನೇ ಅಡಿಗೆ ಗಾಜಿನ ಬಳೆ ಚೂರು, ಏಳಕ್ಕೆ ಮೂಳೆ. ಒಂಬತ್ತಕ್ಕೆ ನೀರು ಒಸರಿತು, ಗಟ್ಟಿ ನೆಲ ಇನ್ನೂ ಸಿಕ್ಕಿರಲಿಲ್ಲ. ನೀನು ಹೇಳಿದ ಹಾಗೆಯೇ ಒಂಬತ್ತು ರಾಶಿ ಹಾಕಿ ಇಟ್ಟಿದ್ದೆ.

ಮಾರನೆಯ ದಿನ ಹೋಗುವಷ್ಟರಲ್ಲಿ ಕಂಟ್ರಾಕ್ಟರ್ ಕಡೆಯವರು ಗುಂಡಿ ಮುಚ್ಚಿ, ನನ್ನ ಹಾರೆ, ಮಂಕರಿ ಎತ್ತಿಕೊಂಡು ಹೋಗಿದ್ದರು. ಕೆಲಸಕ್ಕೆ ಅಡ್ಡಿ ಮಾಡಿದರೆ ಪೊಲೀಸಿಗೆ ಕೊಡುತ್ತೇವೆ ಎಂದರು. ಕೊಡಲಿ. ನಾನು ಬೂದಿ ತೋರಿಸಿದ ತಪ್ಪಿಗೆ ಜೈಲಿಗೆ ಹೋದರೆ ನನಗೇನೂ ಅವಮಾನವಿಲ್ಲ.

ಈಗ ಕೇಳು, ರಿಪೋರ್ಟಿನಲ್ಲಿ ಗಟ್ಟಿ ನೆಲ ಬಂದದ್ದು ಹೇಗೆ ಎಂದು. ಜವರಮ್ಮ ಬಾಯಿ ಬಿಟ್ಟಳು.

"ಅದ್ಯಾವ್ ಸೀಮೆ ದೊಡ್ ಮನ್ಸ ಕಣಣ್ಣ. ಕಾರು ಕಟ್ಟೆಗಂಟ ಇಳ್ಯಾಕಿಲ್ಲ ಅಂತ ಗುದ್ಲಿ ಪೂಜೇನೆ ರೋಡ್ ಪಕ್ಕಕ್ಕೆ ತಂದ್ರು. ಸಿದ್ದಮಲ್ಲಪ್ಪನೋರ ಒಲದ್ ಬದೀಲಿ ಸಾಮಿಯಾನ ಆಕಿದ್ರು. ಕಾಯಿ ತಂದ್ಕೊಟ್ಟಿದ್ದು ನಾನೆಯ. ನಾಕ್ ದಿನ ಬುಟ್ಕಂಡು ಕಂಟ್ರಾಟ್ನೋರು ಬಂದು ಅದೇ ಗುಂಡೀನ ಇನ್ನೊಸಿ ತೋಡಿ, ಮಣ್ಣ ಮೂಟೆ ಕಟ್ಕಂಡ್ ಓದ್ರು."

ಸಿದ್ದಮಲ್ಲಪ್ಪನವರ ಹೊಲದ ಬದಿ ಎಂದರೆ ಗೊರಚು, ಹಾರೆ ಹಾಕಿದರೆ ಕಿಡಿ ಹಾರುವ ನೆಲ. ಕಟ್ಟೆಗೂ ಅದಕ್ಕೂ ಇನ್ನೂರು ಹೆಜ್ಜೆ ದೂರ. ಪೂಜೆಗೆ ಬಂದ ಸಾಹೇಬರ ಬೂಟಿಗೆ ಕೆಸರಾಗಬಾರದು ಅಂತ ಪೂಜೆ ರೋಡಿನ ಪಕ್ಕಕ್ಕೆ ಹೋಯಿತು, ಮಣ್ಣು ತೆಗೆಯುವವರಿಗೆ ಹೊಸ ಗುಂಡಿ ತೋಡುವ ಸೋಮಾರಿತನ. ಪೂಜೆ ಆದದ್ದೇ ಕಟ್ಟಡದ ಜಾಗ ಎಂದು ಕಣ್ಣು ಮುಚ್ಚಿಕೊಂಡು ನಂಬಿದ ಒಬ್ಬ ಪುಣ್ಯಾತ್ಮ ಸಹಿ ಒತ್ತಿದ. ಬಂದು ಒಂದು ಸಲ ನೋಡಿದ್ದರೆ ಸಾಕಿತ್ತು.

ಆಫೀಸಿನ ಜವಾನನ ಕೈಕಾಲು ಹಿಡಿದು ಜೆರಾಕ್ಸ್ ತಂದೆ. ನಿನಗೆ ಆಶ್ಚರ್ಯವಾಗುತ್ತದೆ, ಅದು ನಂಜನಗೂಡಿನ ನಿಮ್ಮ ಲ್ಯಾಬಿನದೇ. ನಂಬರು 17, ತಾರೀಖು 11 ಜನವರಿ 2001. ಸಹಿ ಕೋಳಿ ಕೆದಕಿದ ಹಾಗಿದೆ, ಇಂಗ್ಲಿಷಿನಲ್ಲಿ, ಸೀಲಿನ ಮಸಿ ಬೇರೆ ಅದರ ಮೇಲೆ ಬಿದ್ದಿದೆ. ಆಗ ನೀನು ಅಲ್ಲೇ ಇದ್ದೆ. ಅದು ಯಾರ ಸಹಿ ಎಂದು ನಿನಗೆ ತಿಳಿದಿರಬೇಕು. ಹೆಸರು ಬರೆದು ಕಳಿಸು. ನಾನೇ ಅವನ ಮನೆ ಬಾಗಿಲಿಗೆ ಹೋಗಿ ಕೇಳುತ್ತೇನೆ.

ನಿನ್ನಪ್ಪ
ನಾಗಯ್ಯ


ಹೆಮ್ಮಿಗೆ
13 ಜನವರಿ 2002

ಸಂಘಮಿತ್ರಾ,

ತಿಂಗಳಾಯಿತು, ಉತ್ತರವಿಲ್ಲ. ಫೋನು ಮಾಡಿದರೆ ಅವ್ವನ ಹತ್ತಿರ ಮಾತಾಡಿ, ನಾನು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಇಟ್ಟುಬಿಡುತ್ತೀಯ. ಜೊತೆಯಲ್ಲಿ ಕೆಲಸ ಮಾಡಿದವನ ಹೆಸರು ಹೇಳುವುದು ಕಷ್ಟ ಎಂದು ನನಗೂ ಅರ್ಥವಾಗುತ್ತದೆ. ಆದರೆ ಅವನ ಮರ್ಯಾದೆ ದೊಡ್ಡದೋ, ಅರವತ್ತು ಮಕ್ಕಳ ಜೀವ ದೊಡ್ಡದೋ?

ಪಾಯ ಮುಗಿದು ಕಲ್ಲಿನ ಕಟ್ಟಡ ನೆಲದಿಂದ ಎರಡಡಿ ಮೇಲೆ ಬಂದಿದೆ. ಐದಡಿಗೇ ಕಲ್ಲು ಕೂರಿಸಿದ್ದಾರೆ. ಜೂನ್ ಹೊತ್ತಿಗೆ ಮಕ್ಕಳನ್ನು ಸೇರಿಸುತ್ತೇವೆ ಎಂದು ಊರಲ್ಲಿ ಸಾರಿದ್ದಾರೆ. ನಾನು ದಿನಾ ಹೋಗಿ ಎದುರಿಗೆ ನಿಂತು ಬರುತ್ತೇನೆ. ಗಾರೆಯವರು ನನ್ನನ್ನು ನೋಡಿ ನಗುತ್ತಾರೆ. "ಬಂದ ನೋಡ್ಲಾ ಬೂದಿ ನಾಗಯ್ಯ" ಅನ್ನುತ್ತಾರೆ.

ನೀನು ಸುಮ್ಮನಿರುವುದು ನನಗೆ ಅವರ ನಗುವಿಗಿಂತ ಹೆಚ್ಚು ನೋವು ಕೊಟ್ಟಿದೆ.

ನಾಗಯ್ಯ


ಭುಜ್
27 ಜನವರಿ 2002

ಅಪ್ಪ,

ನಿನ್ನೆಗೆ ಇಲ್ಲಿ ಭೂಕಂಪವಾಗಿ ವರ್ಷ. ಬಿದ್ದ ಮನೆಗಳ ಜಾಗದಲ್ಲಿ ಜನ ದೀಪ ಹಚ್ಚಿಟ್ಟಿದ್ದರು. ಆ ಮೇಷ್ಟರು ಬಂದು ನನ್ನ ಕೈ ಹಿಡಿದು, ನಿಮ್ಮಂಥವರು ಆಗಲೇ ಇದ್ದಿದ್ದರೆ ನನ್ನ ಹೆಂಡತಿ ಉಳಿಯುತ್ತಿದ್ದಳು ಅಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಆ ಸಹಿ ನನ್ನದು.

ನೀನು ನಂಬರು ಬರೆದ ದಿನವೇ ತಿಳಿಯಿತು. ಅದಕ್ಕೂ ಮೊದಲೇ, ಪಾಯದ ಕಾಗದ ಬಂದಾಗಲೇ ಸಣ್ಣಗೆ ಅನುಮಾನ ಇತ್ತು ಎಂದರೂ ಸುಳ್ಳಲ್ಲ. ಹೆಮ್ಮಿಗೆಯಿಂದ ಒಂದು ಮೂಟೆ ಬಂದಿದ್ದು ನೆನಪಿತ್ತು. ನಾನು ಬರೆದದ್ದು ರೋಡಿನ ಪಕ್ಕದ ಜಾಗಕ್ಕೆ, ಕಟ್ಟೆಯ ಜಾಗಕ್ಕೆ ಬೇರೆ ಯಾರದ್ದೋ ರಿಪೋರ್ಟು ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಅವತ್ತು ಕಂಟ್ರಾಕ್ಟರ್ ಕಡೆಯವನು ಮೂಟೆ ಇಳಿಸಿ, "ನಿಮ್ಮೂರ್ದೇ ಮಣ್ಣು ಮೇಡಂ, ಗುದ್ದಲಿ ಪೂಜೆ ಆಯ್ತಲ್ಲ, ಅದೇ ಜಾಗದ್ದು" ಅಂದ. ಪೂಜೆಯ ಶಾಮಿಯಾನವನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಜರಡಿ ಹಿಡಿಯುವಾಗ ಮಣ್ಣಿನಲ್ಲಿ ಕುಂಕುಮ ಇತ್ತು, ಒಣಗಿದ ಚೆಂಡುಹೂವಿನ ಎಸಳಿತ್ತು. ನಮ್ಮೂರ ಮಣ್ಣು ಸಿಂಗಾರ ಮಾಡಿಕೊಂಡು ಬಂದಿದೆ ಎಂದು ನಕ್ಕು, ಎಸಳನ್ನು ಎತ್ತಿ ಬಿಸಾಡಿ ಪರೀಕ್ಷೆ ಮಾಡಿದೆ. ಫಾರಮ್ಮಿನಲ್ಲಿ ಸ್ಥಳ ಪರಿಶೀಲನೆ ಮಾಡಲಾಗಿದೆಯೇ ಎಂಬ ಸಾಲಿದೆ. ಹೆಮ್ಮಿಗೆಯನ್ನು ನಾನು ನೋಡದೆ ಇನ್ನು ಯಾರು ನೋಡಬೇಕು ಅಂದುಕೊಂಡು, ಮಾಡಲಾಗಿದೆ ಎಂದು ಗುರುತು ಹಾಕಿದೆ. ಬೇರೆ ಊರಾಗಿದ್ದರೆ ಹೋಗಿ ನೋಡಿಬರುತ್ತಿದ್ದೆ ಅಪ್ಪ. ನಮ್ಮೂರು ಎಂದೇ ಹೋಗಲಿಲ್ಲ.

ನಂಜನಗೂಡಿನ ಲ್ಯಾಬಿನ ಮಾಲೀಕರಿಗೆ ಫೋನು ಮಾಡಿ ಹೇಳಿದೆ. ಈಗ ಬಾಯಿ ಬಿಟ್ಟರೆ ಲ್ಯಾಬು ಮುಚ್ಚುತ್ತದೆ, ನಿನಗೆ ಇನ್ನು ಯಾರೂ ಕೆಲಸ ಕೊಡುವುದಿಲ್ಲ, ಸುಮ್ಮನಿರು ಅಂದರು. ನನಗೆ ಭಯವಾಗುತ್ತಿದೆ. ನೀನು ಕಂಟ್ರಾಕ್ಟರ್ ಹತ್ತಿರ ಗುಟ್ಟಾಗಿ ಮಾತಾಡಿ ಪಾಯವನ್ನು ಇನ್ನೂ ಆಳಕ್ಕೆ ಇಳಿಸುವ ಹಾಗೆ ಒಪ್ಪಿಸಲು ಆಗುತ್ತದೆಯೇ? ಸಹಿಯ ವಿಚಾರ ಹೊರಗೆ ಬರದ ಹಾಗೆ?

ಸಂಘಮಿತ್ರಾ


ಹೆಮ್ಮಿಗೆ
5 ಫೆಬ್ರವರಿ 2002

ಸಂಘಮಿತ್ರಾ,

ನಿನ್ನ ಕಾಗದವನ್ನು ಹಗಲಿನಲ್ಲಿ, ಹುಣಸೆಕಟ್ಟೆಯ ಬದುವಿನ ಮೇಲೆ ಕೂತು ಓದಿದೆ. ನಿಮ್ಮವ್ವನಿಗೆ ಓದಿ ಹೇಳಿಲ್ಲ.

ಯಾರು ಹೆತ್ತ ಮಗನೋ ಎಂದು ಬೈದಿದ್ದೆ. ನಾನೇ ಹೆತ್ತದ್ದು. ಅನ್ನ ಹಾಕಿ ಓದಿಸಿದ್ದೂ ನಾನೇ. ಊರಲ್ಲಿ ನಿಂತು ಆ ಸಹಿಯ ಮನೆತನವನ್ನೆಲ್ಲ ಬೈದಿದ್ದೇನೆ, ಈಗ ಒಂದೊಂದು ಮಾತೂ ನನ್ನ ಮೇಲೇ ಬಂದು ಬೀಳುತ್ತಿದೆ.

ತಪ್ಪು ಮಾಡಿದೆ, ಅದಕ್ಕೆ ನನಗೆ ಕೋಪ ಇದೆ. ನಾನೂ ಎರಡು ಬಾವಿಯ ಜಾಗ ತಪ್ಪಿದವನೇ. ಆದರೆ ಗುಟ್ಟಾಗಿ ಮಾತಾಡು ಅಂತ ಬರೆದೆಯಲ್ಲ, ಅದನ್ನು ನಾನು ಹೇಗೆ ನುಂಗಲಿ? ಎರಡಡಿ ಮೇಲೆದ್ದ ಕಲ್ಲಿನ ಕೆಳಗೆ ಇನ್ನು ಪಾಯ ಇಳಿಸುವುದು ಹೇಗೆ, ನಿನಗೇ ಗೊತ್ತಿಲ್ಲವೇ? ಗುಜರಾತಿನ ಸಹಿಗಾರನನ್ನು ಹಿಡಿದು ತಂದು ನಿಲ್ಲಿಸಬೇಕು ಅಂದವಳು ನೀನು. ಆ ಕಾಗದ ನನ್ನ ಹತ್ತಿರ ಇದೆ, ಬೇಕಾದರೆ ಕಳಿಸುತ್ತೇನೆ, ಓದಿಕೋ. ಅವನಿಗೂ ಕೆಲಸ ಹೋಗುವ ಭಯ ಇದ್ದಿರಬೇಕು. ಅವನಿಗೂ ಒಬ್ಬ ಅಪ್ಪ ಇದ್ದಿರಬೇಕು.

ನಿನ್ನ ಹೆಸರನ್ನು ನಾನು ಯಾರ ಮುಂದೆಯೂ ಹೇಳುವುದಿಲ್ಲ. ಹೇಳಬೇಕಾದವಳು ನೀನು. ಈ ಊರಲ್ಲಿ ಬೂದಿ ಇದೆ ಎಂದು ನಾನು ನೂರು ಸಲ ಕೂಗಿದರೂ ಕೇಳುವವರಿಲ್ಲ. ನೀನು ಒಂದು ಸಲ ಬರೆದರೆ ಕೇಳುತ್ತಾರೆ, ಏಕೆಂದರೆ ಅವರು ಕಟ್ಟುತ್ತಿರುವುದು ನಿನ್ನ ಸಹಿಯ ಮೇಲೆ.

ನಾಗಯ್ಯ


ನಂಜನಗೂಡು
25 ಫೆಬ್ರವರಿ 2002

ಹಾಸ್ಟೆಲ್ ಕಾಮಗಾರಿಯ ಇಂಜಿನಿಯರ್ ಅವರಿಗೆ,
ತಿ. ನರಸೀಪುರ

ಮಾನ್ಯರೇ,

ಹೆಮ್ಮಿಗೆಯ ವಿದ್ಯಾರ್ಥಿನಿಯರ ಹಾಸ್ಟೆಲ್ ಕಟ್ಟಡಕ್ಕೆ ಸಂಬಂಧಿಸಿದ, 11 ಜನವರಿ 2001ರ, 17ನೇ ನಂಬರಿನ ಮಣ್ಣು ಪರೀಕ್ಷಾ ವರದಿಗೆ ಸಹಿ ಮಾಡಿದವಳು ನಾನು. ಅದರಲ್ಲಿ ಸ್ಥಳ ಪರಿಶೀಲನೆ ಮಾಡಲಾಗಿದೆ ಎಂದು ಬರೆದಿರುವುದು ಸುಳ್ಳು. ನಾನು ಆ ಸ್ಥಳವನ್ನು ನೋಡಿರಲಿಲ್ಲ. ಪರೀಕ್ಷೆಗೆ ಬಂದ ಮಣ್ಣು ಕಟ್ಟಡದ ಜಾಗದ್ದಲ್ಲ, ಅಲ್ಲಿಂದ ಇನ್ನೂರು ಹೆಜ್ಜೆ ದೂರದಲ್ಲಿ ಗುದ್ದಲಿ ಪೂಜೆಗೆಂದು ತೋಡಿದ ಗುಂಡಿಯದು. ಮಣ್ಣಿನಲ್ಲಿ ಕುಂಕುಮವನ್ನೂ ಹೂವನ್ನೂ ಕಂಡೂ ನಾನು ಪ್ರಶ್ನಿಸಲಿಲ್ಲ.

ಕಟ್ಟಡ ಏಳುತ್ತಿರುವುದು ಮುಚ್ಚಿದ ಕಟ್ಟೆಯ ಮೇಲೆ ಎಂದು ಊರಿನವರು ಗುಂಡಿ ತೋಡಿ ತೋರಿಸಿದ್ದಾರೆ. ಅಲ್ಲಿ ನನ್ನ ವರದಿಯನ್ನು ನಂಬಿ ಒಂದು ಕಲ್ಲನ್ನೂ ಇಡಬಾರದು. ವರದಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಕೆಲಸ ನಿಲ್ಲಿಸಿ, ನಿಮ್ಮ ಎದುರಿನಲ್ಲೇ ಹೊಸದಾಗಿ ಗುಂಡಿ ತೋಡಿಸಬೇಕೆಂದು ಕೇಳುತ್ತೇನೆ. ನನ್ನ ಮೇಲೆ ಏನು ಕ್ರಮ ಕೈಗೊಂಡರೂ ಒಪ್ಪುತ್ತೇನೆ.

ಇದರ ಒಂದೊಂದು ಪ್ರತಿಯನ್ನು ಜಿಲ್ಲಾಧಿಕಾರಿಯವರಿಗೂ, ಹೆಮ್ಮಿಗೆಯ ಶ್ರೀ ನಾಗಯ್ಯ ಅವರಿಗೂ ಕಳಿಸಿದ್ದೇನೆ.

ಇಂತಿ
ಎನ್. ಸಂಘಮಿತ್ರಾ


ಹೆಮ್ಮಿಗೆ
14 ಮಾರ್ಚ್ 2002

ಮಗಳಿಗೆ ಜೈಭೀಮ್.

ಭುಜ್‌ನ ಕೆಲಸ ಬಿಟ್ಟು ಬಂದು ನಂಜನಗೂಡಿನಲ್ಲಿ ನಿನ್ನಣ್ಣ ನಾಗೇಂದ್ರನ ಮನೆಯಲ್ಲಿ ಮೂರು ವಾರದಿಂದ ಇದ್ದೀಯಂತೆ. ತಾಂಡ್ಯದಿಂದ ಪಾಳಿ ಮುಗಿಸಿ ಬಂದ ಅಣ್ಣನಿಗೆ ಮುದ್ದೆ ಬೇಯಿಸಿ ಹಾಕುತ್ತೀಯಂತೆ. ಇಲ್ಲಿಗೆ ಎರಡು ಬಸ್ಸಿನ ದಾರಿ, ಬರಲಿಲ್ಲ. ನಿಮ್ಮವ್ವ ದಿನಾ ಬಸ್ಸು ನೋಡುತ್ತಾಳೆ. ಅವಳಿಗೆ ಎಲ್ಲ ಹೇಳಿದ್ದೇನೆ. ಮೊದಲು ಅತ್ತಳು, ಆಮೇಲೆ ನಿನ್ನನ್ನು ಬೈದಳು, ಆಮೇಲೆ ನಿನ್ನನ್ನು ಬೈದದ್ದಕ್ಕೆ ನನ್ನನ್ನು ಬೈದಳು.

ಮೊನ್ನೆ ಸೋಮವಾರ ನರಸೀಪುರದ ಆಫೀಸಿಗೆ ನಮ್ಮನ್ನು ಕರೆಸಿದ್ದರು. ಪುಟ್ಟಬಸವಯ್ಯ, ಜವರಮ್ಮ, ಸಿದ್ದಮಲ್ಲಪ್ಪನವರು ಎಲ್ಲ ಹೋಗಿದ್ದೆವು. ಮೈಸೂರಿನಿಂದ ಬಂದ ದೊಡ್ಡ ಸಾಹೇಬರು ನಿನ್ನ ಕಾಗದವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿದರು. ಕುಂಕುಮ, ಹೂವು ಎಂದು ಬಂದಾಗ ಕೆಲವರು ನಕ್ಕರು. ಜವರಮ್ಮ ನಗಲಿಲ್ಲ. ಸುಳ್ಳು ಎಂಬ ಮಾತು ಬಂದಾಗ ನಾನು ತಲೆ ತಗ್ಗಿಸಿಬಿಟ್ಟೆ ಕಣಮ್ಮ. ನಿನಗೆ ಮುಚ್ಚಿಟ್ಟು ಏನಾಗಬೇಕು, ಅವತ್ತು ನನಗೆ ಬಹಳ ನಾಚಿಕೆಯಾಯಿತು.

ನನ್ನನ್ನು ಬಾವಿ ತೋಡಿಕೊಂಡಿರು ಎಂದಿದ್ದ ಆ ಇಂಜಿನಿಯರು ಕೇಳಿದ. "ಯಾರ್ರೀ ಇವಳು ಸಂಘಮಿತ್ರಾ? ತಾನೇ ಸಹಿ ಮಾಡಿ ತಾನೇ ಸುಳ್ಳು ಅಂತಾಳೆ. ತಲೆ ನೆಟ್ಟಗಿದೆಯಾ ಅವಳಿಗೆ?"

"ನನ್ ಮಗ್ಳು ಸಾ" ಅಂದೆ. "ತಲೆ ನೆಟ್ಗಾಗಿರಾದ್ಕೇ ಬರ್ದವ್ಳೆ. ನಿಮ್ಮೋರ್ ಯಾರಾರ ಇಂಗ್ ಬರ್ದಿರೋ ಕಾಗ್ದ ಇದ್ರೆ ತೋರ್ಸಿ ಸಾ."

ಕೆಲಸ ನಿಲ್ಲಿಸಲು ಆರ್ಡರ್ ಆಗಿದೆ. ಕಟ್ಟಡ ಬೇರೆ ಜಾಗಕ್ಕೆ ಹೋಗುತ್ತದೋ ಇಲ್ಲವೋ ಇನ್ನೂ ಹೇಳಿಲ್ಲ. ಊರಲ್ಲಿ ನಿನ್ನ ಮೇಲೆ ಕೋಪ ಇರುವವರು ಬಹಳ ಮಂದಿ, ಬಂದ ಹಾಸ್ಟೆಲನ್ನು ಅಪ್ಪ ಮಗಳು ಸೇರಿ ಕಳೆದರು ಅನ್ನುತ್ತಾರೆ. ಕೋಮಲಳಿಗೆ ಇನ್ನೊಂದು ವರ್ಷ ನಡೆಯುವುದು ತಪ್ಪಲಿಲ್ಲ. ಅವಳನ್ನು ನೋಡಿದಾಗ ನಿನ್ನ ಮೇಲೆ ಮತ್ತೆ ಕೋಪ ಬರುತ್ತದೆ, ನಾನು ಸುಮ್ಮನೆ ಹೇಳುತ್ತಿಲ್ಲ.

ಇದೇ 22ನೇ ತಾರೀಖು ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ, ಸಾಹೇಬರೆಲ್ಲರ ಎದುರಿಗೆ ಹುಣಸೆಕಟ್ಟೆಯಲ್ಲಿ ಗುಂಡಿ ತೋಡಿಸುತ್ತಾರೆ. ತೋಡಲು ನನ್ನನ್ನೇ ಕರೆದಿದ್ದಾರೆ. ಕಂಟ್ರಾಕ್ಟರ್ ಕಡೆಯವರು ಹಾರೆ ಮಂಕರಿ ವಾಪಸು ತಂದುಕೊಟ್ಟರು, ಹಲಗೆಯನ್ನೂ ಹೊಂದಿಸಿದ್ದೇನೆ.

ಗುರುವಾರ ಸಂಜೆಯ ಬಸ್ಸಿಗೆ ಹೊರಟು ಬಾ. ನಮ್ಮ ಕಸುಬಿನ ಕಟ್ಟಳೆ ನಿನಗೆ ಗೊತ್ತಿದೆ, ಜಾಗ ತೋರಿಸಿದವರೇ ಮೊದಲು ಇಳಿಯಬೇಕು. ಆ ನೆಲ ಗಟ್ಟಿ ಎಂದು ಬರೆದವಳು ನೀನು, ಊರೆಲ್ಲ ನೋಡುತ್ತಿರುವಾಗ ನೀನೇ ಇಳಿ.

ಹಗ್ಗವನ್ನು ನಾನು ಹಿಡಿದಿರುತ್ತೇನೆ.

ನಿನ್ನಪ್ಪ
ನಾಗಯ್ಯ